ಎಂಟನೇ ಮಹಡಿಯಲ್ಲಿ ಪಾರ್ಕಿಂಗ್ ಕಂಬದ ಗೆರೆ

ಕಟ್ಟಡದ ಮಾದರಿ, ನಕ್ಷೆ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಎಂಟನೇ ಮಹಡಿಯ ಪ್ಲಾನ್ ತೆರೆದಿದ್ದೀರಿ. ಮನೆಗಳಿರುವುದು ನಡುವಿನ ಟವರ್‌ನಲ್ಲಿ ಮಾತ್ರ. ಆದರೆ ಕಂಬಗಳ ಜಾಗ ತೋರಿಸುವ, ಅಂಕಿ ಅಥವಾ ಅಕ್ಷರದ ಹೆಸರಿನ ಗ್ರಿಡ್ ಗೆರೆಗಳು ಸುತ್ತಲಿನ ಖಾಲಿ ಆಕಾಶದಲ್ಲೂ ನಿಂತಿವೆ. ಅವೆಲ್ಲ ಬೇಸ್‌ಮೆಂಟ್ ಪಾರ್ಕಿಂಗ್‌ನ ಕಂಬಗಳಿಗೆ ಸೇರಿದವು. ಇಲ್ಲಿ ಅವಕ್ಕೇನು ಕೆಲಸ?

ಹೊಸದರಲ್ಲಿ ನಾನು ಮಾಡಿದ್ದೂ ಎಲ್ಲರೂ ಮಾಡುವುದನ್ನೇ. ಬೇಡದ ಗೆರೆಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, 'ಹೈಡ್ ಇನ್ ವ್ಯೂ' ಒತ್ತಿದೆ. ಹನ್ನೆರಡು ಮಹಡಿ, ಹನ್ನೆರಡು ಸಲ. ವಾರ ಕಳೆದು ಶೀಟ್‌ಗಾಗಿ ಹೊಸ ಪ್ಲಾನ್ ವ್ಯೂ ಮಾಡಿದರೆ ಅಷ್ಟೂ ಗೆರೆಗಳು ವಾಪಸ್! ಅದಾದರೂ ಪರವಾಗಿಲ್ಲ. ಒಂದು ಮಹಡಿಯಲ್ಲಿ ಕೈತಪ್ಪಿ ಟವರ್‌ನ ಗೆರೆಯೂ ಮಾಯವಾಗಿತ್ತು. ಸೈಟ್‌ನಿಂದ ಫೋನ್ ಬಂತು: "ಸಾರ್, ಇ ಆದ್ಮೇಲೆ ಜಿ ಇದೆ. ಎಫ್ ಎಲ್ಲಿ ಹೋಯ್ತು?"

ಗ್ರಿಡ್ ಅನ್ನು ಗೆರೆ ಅಂದುಕೊಂಡಿದ್ದೇ ನನ್ನ ತಪ್ಪು. ಅದು ಜಗಲಿಗೆ ಇಳಿಬಿಟ್ಟ ಬಿದಿರಿನ ತಟ್ಟಿಯ ಹಾಗೆ. ಮೇಲಿನಿಂದ ನೋಡಿದರೆ ಗೆರೆ, ಎದುರಿನಿಂದ ನೋಡಿದರೆ ಎತ್ತರವಿರುವ ಹಾಳೆ. ಆ ಹಾಳೆ ಯಾವ ಯಾವ ಮಹಡಿಗಳನ್ನು ಮುಟ್ಟುತ್ತದೋ ಅವುಗಳ ಪ್ಲಾನ್‌ಗಳಲ್ಲಿ ಮಾತ್ರ ಗೆರೆ ಕಾಣುತ್ತದೆ.

ಹಾಗಾಗಿ ಕೆಲಸ ಎಲಿವೇಶನ್‌ನಲ್ಲಿ, ಅಂದರೆ ಕಟ್ಟಡವನ್ನು ಎದುರಿನಿಂದ ತೋರಿಸುವ ನಕ್ಷೆಯಲ್ಲಿ. ಪಾರ್ಕಿಂಗ್ ಗ್ರಿಡ್‌ನ ಮೇಲ್ತುದಿ ಹಿಡಿದು ಮೊದಲ ಮಹಡಿಯ ಲೆವೆಲ್‌ಗಿಂತ ಕೆಳಕ್ಕೆ ಎಳೆಯಿರಿ. ಮೇಲಿನ ಎಲ್ಲ ಪ್ಲಾನ್‌ಗಳಿಂದಲೂ ಅದು ಒಂದೇ ಏಟಿಗೆ ಹೋಗುತ್ತದೆ. ಎಳೆಯುವ ಮೊದಲು ಎರಡು ಕಡೆ ಕಣ್ಣಿಡಿ. ತುದಿಯ ಪಕ್ಕ ಪುಟ್ಟ ಬೀಗದ ಗುರುತು ಇರುತ್ತದೆ. ಅದನ್ನು ಬಿಚ್ಚದಿದ್ದರೆ ಸಾಲಿನ ಅಷ್ಟೂ ಗ್ರಿಡ್‌ಗಳು ಒಟ್ಟಿಗೇ ಕೆಳಗಿಳಿಯುತ್ತವೆ. ಇನ್ನೊಂದು, ಅಲ್ಲೇ '3ಡಿ' ಎಂದಿರಬೇಕು. '2ಡಿ' ಎಂದಿದ್ದರೆ ನೀವು ಎಳೆದದ್ದು ಆ ಎಲಿವೇಶನ್‌ಗಷ್ಟೇ, ಪ್ಲಾನ್‌ಗೆ ಗೊತ್ತೇ ಆಗುವುದಿಲ್ಲ. ಮತ್ತೆ, ದಕ್ಷಿಣದ ಎಲಿವೇಶನ್‌ನಲ್ಲಿ ಅಂಕಿಯ ಗ್ರಿಡ್‌ಗಳು ಕಂಡರೆ, ಅಡ್ಡ ಹೋಗುವ ಅಕ್ಷರದ ಗ್ರಿಡ್‌ಗಳಿಗೆ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕು.

ಗ್ರಿಡ್ ಜಾಸ್ತಿ ಇದ್ದರೆ ಒಂದೊಂದನ್ನೇ ಎಳೆಯುತ್ತಾ ಕೂರಬೇಡಿ. ಪ್ಲಾನ್‌ನಲ್ಲಿ ಸ್ಕೋಪ್ ಬಾಕ್ಸ್ (ಗ್ರಿಡ್‌ಗಳು ಎಲ್ಲಿಯವರೆಗೆ ಎಂದು ಹೇಳುವ ಪೆಟ್ಟಿಗೆ) ಹಾಕಿ, ಅದರ ಎತ್ತರವನ್ನು ಎಲಿವೇಶನ್‌ನಲ್ಲಿ ಸರಿಮಾಡಿ, ಗ್ರಿಡ್‌ಗಳ ಪ್ರಾಪರ್ಟಿಯಲ್ಲಿ ಅದನ್ನು ಆರಿಸಿದರೆ ಮುಗಿಯಿತು. ಪಾರ್ಕಿಂಗ್‌ಗೆ ಒಂದು, ಟವರ್‌ಗೆ ಒಂದು. ಆಮೇಲೆ ಬಾಕ್ಸ್ ಬದಲಾದರೆ ಗ್ರಿಡ್‌ಗಳೂ ಅದರ ಜೊತೆ ಬದಲಾಗುತ್ತವೆ.

ಕಿರಿಕಿರಿ ಬೇರೆ ಕಡೆ ಇದೆ. 'ಸಿ' ಗೆರೆ ಪಾರ್ಕಿಂಗ್‌ನಲ್ಲಿ ಉದ್ದ ಬೇಕು, ಟವರ್‌ನಲ್ಲಿ ಗಿಡ್ಡ ಸಾಕು. ಎರಡು 'ಸಿ' ಮಾಡೋಣ ಅಂದರೆ ಒಂದೇ ಹೆಸರಿಗೆ ರೆವಿಟ್ ಒಪ್ಪುವುದಿಲ್ಲ. ಒಂದು ಗ್ರಿಡ್‌ಗೆ ಎರಡು ಸ್ಕೋಪ್ ಬಾಕ್ಸ್ ಕೊಡಲೂ ಆಗುವುದಿಲ್ಲ. ಇಲ್ಲಿ 2ಡಿ ಕೆಲಸಕ್ಕೆ ಬರುತ್ತದೆ. ಒಂದು ಟವರ್ ಪ್ಲಾನ್‌ನಲ್ಲಿ ತುದಿಯನ್ನು 2ಡಿ ಮಾಡಿ ಗಿಡ್ಡ ಮಾಡಿ. ನಂತರ 'ಪ್ರೊಪಗೇಟ್ ಎಕ್ಸ್‌ಟೆಂಟ್ಸ್' ಒತ್ತಿ ಉಳಿದ ಮಹಡಿಗಳಿಗೆ ಟಿಕ್ ಹಾಕಿ, ಅದೇ ಗಿಡ್ಡ ಉದ್ದ ಅಲ್ಲಿಗೂ ಹೋಗುತ್ತದೆ.

'ಹೈಡ್' ಪೂರ್ತಿ ಬಿಡಿ ಅನ್ನುವುದಿಲ್ಲ. ಪ್ರೆಸೆಂಟೇಶನ್ ಪ್ಲಾನ್‌ಗೆ ನಾನೂ ಬಳಸುತ್ತೇನೆ. ಯಾರೋ ಬಚ್ಚಿಟ್ಟದ್ದು ಹುಡುಕಬೇಕಾದರೆ ಕೆಳಗಿನ ಪಟ್ಟಿಯ ಬಲ್ಬ್ ಗುರುತು ಒತ್ತಿ.

ಇದೇ ತೊಂದರೆ ಉಲ್ಟಾನೂ ಬರುತ್ತದೆ. ಟೆರೇಸ್ ಮೇಲೆ ಲಿಫ್ಟ್ ರೂಮಿಗೆಂದು ಕೊನೆಯಲ್ಲಿ ಹೊಸ ಲೆವೆಲ್ ಸೇರಿಸುತ್ತೀರಿ, ಪ್ಲಾನ್‌ನಲ್ಲಿ ಒಂದು ಗ್ರಿಡ್ಡೂ ಇರುವುದಿಲ್ಲ. ವಿಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಟಿಕ್ ಇದ್ದೇ ಇರುತ್ತದೆ, ಸುಮ್ನೆ ಅರ್ಧ ಗಂಟೆ ಹಾಳು. ಎಲಿವೇಶನ್ ತೆರೆದು ನೋಡಿ, ಗ್ರಿಡ್‌ಗಳು ಹಳೆಯ ಟೆರೇಸ್ ಲೆವೆಲ್‌ ದಾಟಿ ಅಲ್ಲೇ ನಿಂತಿರುತ್ತವೆ. ಈ ಸಲ ಬೀಗ ಬಿಚ್ಚಬೇಡಿ, ಎಲ್ಲವನ್ನೂ ಒಟ್ಟಿಗೇ ಮೇಲಕ್ಕೆಳೆಯಿರಿ.