ಸಾವಿರ ಗಜಕ್ಕೆ ಯಾವ ತೋಟಾ?

ಅಕ್ಕನ ಮಗ ಯುಗಾದಿಗೆಂದು ಇಂಗ್ಲೆಂಡಿನಿಂದ ಬಂದಿದ್ದಾಗ, ಗುಡಿಬಂಡೆ ಕಡೆಯ ನಮ್ಮೂರಿನ ಕೆರೆ ಏರಿಯ ಮೇಲೆ ಕುಳಿತು ಒಂದು ಪ್ರಶ್ನೆ ಕೇಳಿದ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, .22 ರೈಫಲ್ಲಿನಿಂದ 25 ಮೀಟರ್ ದೂರದ ಗುರಿಗೆ ಹೊಡೆದಾಗಲೇ ಅವನಿಗೆ ಈ ಆಟದ ರುಚಿ ಹತ್ತಿತ್ತು. ಈಗ ಅಲ್ಲಿನ ಕ್ಲಬ್ಬೊಂದರ ಸದಸ್ಯನಾಗಿ, ಸರ್ರೆ ಪ್ರಾಂತದ ಬಿಸ್ಲಿಯಲ್ಲಿ ನಡೆಯುವ ಸ್ನೇಹಪೂರ್ವಕ ಸ್ಪರ್ಧೆಗಳಿಗೆ ಸೇರಬೇಕೆಂದಿದ್ದಾನೆ. ಬಿಸ್ಲಿಯಲ್ಲಿ 1890ರಿಂದಲೂ ಗುರಿ ಹೊಡೆಯುವ ಸ್ಪರ್ಧೆಗಳು ನಡೆಯುತ್ತಿವೆ. ಅಲ್ಲಿನ ಸ್ಟಿಕಲ್‌ಡೌನ್ ಎಂಬ ಮೈದಾನದಲ್ಲಿ 1200 ಗಜದವರೆಗೂ ಗುರಿಯನ್ನಿಡಬಹುದು. "ಮಾಮ, ತೋಟಾ ಯಾವುದು ತಗೊಳ್ಳಲಿ ಅಂದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀವು ಭೌತಶಾಸ್ತ್ರ ಪಾಠ ಮಾಡಿದವರು, ಲೆಕ್ಕ ಹಾಕಿ ಹೇಳಿ" ಎಂದ. ಆ ಸಂಜೆಯ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಏಕೆಂದರೆ ಅದರಲ್ಲಿ ಕೋವಿಗಿಂತ ಗಾಳಿಯ ಪಾಲೇ ದೊಡ್ಡದು, ಮತ್ತು ಗಾಳಿಯ ವಿಷಯ ನಮ್ಮ ಬಯಲುಸೀಮೆಯವರಿಗೆ ಚೆನ್ನಾಗಿ ಗೊತ್ತಿರುವಂಥದು.

ತೋಟಾ ಎಂದರೆ ನಾಲ್ಕು ವಸ್ತುಗಳ ಜೋಡಣೆ: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೆಸರಿನಲ್ಲಿರುವ .22, .308ರಂಥ ಅಂಕಿ ಗುಂಡಿನ ಅಗಲವನ್ನು ಹೆಚ್ಚುಕಡಿಮೆ ಇಂಚಿನಲ್ಲಿ ಹೇಳುತ್ತದೆ, 6.5ರಂಥದು ಮಿಲಿಮೀಟರಿನಲ್ಲಿ. ಗುಂಡಿನ ತೂಕವನ್ನು ಇಂದಿಗೂ ಗ್ರೇನ್ ಎಂಬ ಹಳೆಯ ಅಳತೆಯಲ್ಲೇ ಹೇಳುತ್ತಾರೆ. ಒಂದು ಗ್ರೇನ್ ಎಂದರೆ 0.065 ಗ್ರಾಂ. ಈ ಅಳತೆ ನಮಗೆ ಅಪರಿಚಿತವೇನಲ್ಲ. ಬ್ರಿಟಿಷರ ಕಾಲದಲ್ಲಿ ಗೊತ್ತುಮಾಡಿದ ಹಳೆಯ ತೊಲ ಸರಿಯಾಗಿ 180 ಗ್ರೇನ್ ತೂಗುತ್ತಿತ್ತು. ನಮ್ಮ ತಂದೆಯವರು ಚಿನ್ನಬೆಳ್ಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರಿಂದ ಉಳಿದ ಒಂದು ತೊಲದ ಹಿತ್ತಾಳೆ ತೂಕದಬಟ್ಟು ಮನೆಯಲ್ಲಿದೆ. ಅದನ್ನು ಹುಡುಗನ ಅಂಗೈಯಲ್ಲಿಟ್ಟು, ".308 ಕೋವಿಯ ಭಾರದ ಗುಂಡು ಇಷ್ಟೇ ತೂಗುತ್ತದೆ ನೋಡು" ಎಂದೆ. ಅಂಚು ಸವೆದು ನುಣುಪಾಗಿರುವ ಆ ಬಟ್ಟನ್ನು ಅವನು ಎರಡು ಮೂರು ಸಲ ತೂಗಿ ನೋಡಿದ. ಇಷ್ಟು ಹಗುರದ ವಸ್ತುವೊಂದು ಸುಮಾರು ಒಂದು ಕಿಲೋಮೀಟರ್ ಗಾಳಿಯನ್ನು ಸೀಳಿಕೊಂಡು ಹೋಗಿ, ಊಟದ ತಟ್ಟೆಗಿಂತ ಕಿರಿದಾದ ವೃತ್ತದೊಳಗೆ ಬೀಳಬೇಕು. ಕೋವಿಯನ್ನು ಆಸರೆಯ ಮೇಲಿಟ್ಟು, ದೂರದರ್ಶಕದಲ್ಲಿ ನೋಡಿ ಹೊಡೆಯುವ ಎಫ್-ಕ್ಲಾಸ್ ಎಂಬ ಸ್ಪರ್ಧೆಯ ಸಾವಿರ ಗಜದ ಗುರಿಹಲಗೆಯಲ್ಲಿ ಹತ್ತು ಇಂಚು, ಅಂದರೆ 25 ಸೆಂಟಿಮೀಟರ್ ವ್ಯಾಸದ ವೃತ್ತವಿದ್ದು, ಅದರೊಳಗೆ ಐದು ಇಂಚಿನ ಇನ್ನೊಂದು ವೃತ್ತವಿರುತ್ತದೆ.

ಅವನ ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು. 1952ರಲ್ಲಿ ಬಂದ .308 ವಿಂಚೆಸ್ಟರ್ ಮೊದಲನೆಯದು. 2007ರಲ್ಲಿ ಹಾರ್ನಡಿ ಕಂಪನಿ ಗುರಿ ಸ್ಪರ್ಧೆಗೆಂದೇ ರೂಪಿಸಿದ 6.5 ಕ್ರೀಡ್‌ಮೂರ್ ಎರಡನೆಯದು. 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಮೂರನೆಯದು. ಕ್ಲಬ್ಬಿನ ಗೆಳೆಯನೊಬ್ಬ, ದೂರಕ್ಕೆ ಹೊಡೆಯಬೇಕಾದರೆ ಬಲ ಹೆಚ್ಚಿರಲೇಬೇಕೆಂದು ಇದನ್ನೇ ಒತ್ತಿ ಹೇಳಿದ್ದನಂತೆ. ಗೆಳೆಯನ ಮಾತು ಮೇಲುನೋಟಕ್ಕೆ ಸರಿಯೆನಿಸುತ್ತದೆ, ಆದರೆ ಕಾಗದದ ಗುರಿಗೆ ಬಲದ ಹಂಗಿಲ್ಲ. ಅದನ್ನು ತೂತು ಮಾಡಲು .22 ಗುಂಡೂ ಸಾಕು. ಆದ್ದರಿಂದ ನೋಡಬೇಕಾದದ್ದು ಎಷ್ಟು ಜೋರಾಗಿ ಬಡಿಯುತ್ತದೆ ಎಂಬುದನ್ನಲ್ಲ, ದಾರಿಯಲ್ಲಿ ಎಷ್ಟು ಕಡಿಮೆ ಅಲೆದಾಡುತ್ತದೆ ಎಂಬುದನ್ನು.

ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಕೆಳಗೆ ಬೀಳತೊಡಗುತ್ತದೆ. ಸಾವಿರ ಗಜ, ಅಂದರೆ 914 ಮೀಟರ್ ಕ್ರಮಿಸಲು 6.5 ಕ್ರೀಡ್‌ಮೂರ್ ಗುಂಡಿಗೆ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅದು ನಳಿಗೆಯ ನೇರಕ್ಕಿಂತ ಒಂಬತ್ತು ಹತ್ತು ಮೀಟರ್ ಕೆಳಗಿಳಿದಿರುತ್ತದೆ. ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಈ ಕುಸಿತ ಕೇಳಲು ಭಯ ಹುಟ್ಟಿಸಿದರೂ ತೋಟಾ ಆರಿಸುವವನಿಗೆ ಇದು ತೊಡಕೇ ಅಲ್ಲ. ಗುರುತ್ವ ದಿನಕ್ಕೊಂದು ರೀತಿ ಇರುವುದಿಲ್ಲ. ದೂರ ಗೊತ್ತಿದ್ದರೆ ದೂರದರ್ಶಕದ ತಿರುಪನ್ನು ಅಷ್ಟು ಗೀಟು ತಿರುಗಿಸಿಟ್ಟು ನಿಶ್ಚಿಂತೆಯಿಂದಿರಬಹುದು.

ಗಾಳಿಯ ವಿಷಯ ಹಾಗಲ್ಲ. ಅಡ್ಡಗಾಳಿ ಗುಂಡಿನ ಪಕ್ಕೆಗೆ ಬಡಿದು ಅದನ್ನು ತಳ್ಳುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ನಿಜವಾಗಿ ನಡೆಯುವುದು ಬೇರೆ. ಬುಗುರಿಯಂತೆ ತಿರುಗುತ್ತಿರುವ ಗುಂಡು ತನ್ನ ಮೂತಿಯನ್ನು ಎದುರು ಬರುವ ಗಾಳಿಯತ್ತ ಕೂದಲೆಳೆಯಷ್ಟು ಹೊರಳಿಸಿಕೊಳ್ಳುತ್ತದೆ; ಆಗ ಅದರ ವೇಗವನ್ನು ಕುಗ್ಗಿಸುತ್ತಿರುವ ತಡೆಬಲವೂ ಅಷ್ಟೇ ಓರೆಯಾಗಿ, ಗುಂಡನ್ನು ಗಾಳಿ ಹೋಗುವ ಕಡೆಗೆ ಎಳೆಯುತ್ತದೆ. ಇದರಿಂದ ಬಹಳ ಸರಳವಾದ ಒಂದು ಸೂತ್ರ ಸಿಗುತ್ತದೆ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಗುಂಡು ಗುರಿ ಮುಟ್ಟಲು ಹಿಡಿಯುವ ಕಾಲವೆಷ್ಟು, ನಿಜವಾಗಿ ಹಿಡಿದ ಕಾಲವೆಷ್ಟು ಎಂದು ನೋಡಿ, ಆ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಸರಿಯುವ ದೂರ ಬರುತ್ತದೆ. ಒಟ್ಟು ಕಾಲವಲ್ಲ, ತಡವಾದ ಕಾಲ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಗಮನಿಸಬೇಕು. ಭೌತಶಾಸ್ತ್ರದಲ್ಲಿ ನನಗೆ ಬಹಳ ಪ್ರಿಯವಾದ ಸೂತ್ರಗಳಲ್ಲಿ ಇದೂ ಒಂದು.

140 ಗ್ರೇನಿನ 6.5 ಕ್ರೀಡ್‌ಮೂರ್ ಗುಂಡು ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊರಟರೆ ನಿರ್ವಾತದಲ್ಲಿ ಸಾವಿರ ಗಜವನ್ನು 1.1 ಸೆಕೆಂಡಿನಲ್ಲಿ ಮುಟ್ಟುತ್ತಿತ್ತು. ಸಮುದ್ರಮಟ್ಟದ ಗಾಳಿಯಲ್ಲಿ ಸುಮಾರು 0.4 ಸೆಕೆಂಡು ತಡವಾಗುತ್ತದೆ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ, ಅಂದರೆ ಸೆಕೆಂಡಿಗೆ 4.4 ಮೀಟರ್, ಬೀಸುತ್ತಿದ್ದರೆ ಗುಂಡು ಹೆಚ್ಚುಕಡಿಮೆ 1.8 ಮೀಟರ್ ಸರಿಯುತ್ತದೆ. 790 ಮೀಟರ್ ವೇಗದಲ್ಲಿ ಹೊರಡುವ 175 ಗ್ರೇನಿನ .308 ಗುಂಡಿಗೆ ತಡವಾಗುವುದು ಸುಮಾರು 0.6 ಸೆಕೆಂಡು, ಸರಿಯುವುದು 2.6 ಮೀಟರ್. ಭಾರದ ಗುಂಡೇ ಹೆಚ್ಚು ಸರಿಯುತ್ತದಲ್ಲ ಎಂದು ಹುಡುಗ ಇಲ್ಲಿ ಬೆರಗಾದ.

ಅದಕ್ಕೆ ಉತ್ತರ ಕಣದಲ್ಲಿದೆ. ರಾಗಿ ತೂರುವಾಗ ಮೊರದಿಂದ ಸುರಿದ ಕಾಳೂ ಹೊಟ್ಟೂ ಒಂದೇ ಗಾಳಿಗೆ ಸಿಗುತ್ತವೆ. ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ಮಾರು ದೂರ ಹೋಗುತ್ತದೆ. ಅಲ್ಲಿ ಕೆಲಸ ಮಾಡುವುದು ಬರಿಯ ತೂಕವಲ್ಲ, ಗಾಳಿಗೆ ಒಡ್ಡಿಕೊಂಡ ಅಗಲಕ್ಕೆ ಎಷ್ಟು ತೂಕವಿದೆ ಎಂಬ ಪ್ರಮಾಣ. .308 ಗುಂಡಿನ ವ್ಯಾಸ 7.8 ಮಿಲಿಮೀಟರ್, 6.5ರ ಗುಂಡಿನ ನಿಜವಾದ ವ್ಯಾಸ 6.7. ಅಗಲಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಹಗುರಾದ ಉದ್ದನೆಯ ಗುಂಡೇ ಸುಮಾರು ಶೇಕಡಾ 9ರಷ್ಟು ಮುಂದಿದೆ. ಅದರ ಮೇಲೆ ನೀಳವಾದ ಮೂತಿ, ದೋಣಿಯ ಹಿಂಭಾಗದಂತೆ ಕಿರಿದಾಗುತ್ತ ಹೋಗುವ ಬಾಲ, ಇವೂ ಸೇರಿ ಗಾಳಿಯ ತಡೆಯನ್ನು ಇನ್ನಷ್ಟು ತಗ್ಗಿಸುತ್ತವೆ. ಈ ಎರಡು ಗುಣಗಳನ್ನೂ ಒಟ್ಟಿಗೆ ಹೇಳುವ ಒಂದು ಅಂಕಿ ಗುಂಡಿನ ಡಬ್ಬಿಯ ಮೇಲೇ ಇರುತ್ತದೆ. ಅದಕ್ಕೆ ಬ್ಯಾಲಿಸ್ಟಿಕ್ ಗುಣಾಂಕ ಎನ್ನುತ್ತಾರೆ. ಅದು ಹೆಚ್ಚಿದ್ದಷ್ಟೂ ಗುಂಡು ಕಾಳಿನ ಜಾತಿ, ಕಡಿಮೆಯಾದಷ್ಟೂ ಹೊಟ್ಟಿನ ಜಾತಿ.

ಹಾಗಾದರೆ 6.5 ಅನ್ನೇ ಕೊಂಡುಬಿಡಬೇಕೆ? ಎಷ್ಟು ದೂರಕ್ಕೆ ಎಂದು ಮೊದಲು ಕೇಳಬೇಕು. 300 ಮೀಟರಿನಲ್ಲಿ ಅದೇ ಗಾಳಿಗೆ .308 ಸುಮಾರು 18 ಸೆಂಟಿಮೀಟರ್ ಸರಿದರೆ 6.5 ಸುಮಾರು 13 ಸರಿಯುತ್ತದೆ. ವ್ಯತ್ಯಾಸ ಮೂರು ಬೆರಳಗಲ. 600 ಗಜದಲ್ಲಿ ಅದು ಒಂದು ಗೇಣಿನಷ್ಟಾಗುತ್ತದೆ. ಸಾವಿರ ಗಜಕ್ಕೆ ಬಂದಾಗಲೇ ಎರಡು ಮೊಳಕ್ಕೆ ಹತ್ತಿರ ಬರುವುದು. 300 ಮೀಟರಿನ ಗೆಳೆಯರ ಪಂದ್ಯಕ್ಕೆಂದು ಹೊಸ ಕೋವಿ ಕೊಳ್ಳುವುದು ನನಗೆ ವ್ಯರ್ಥ ಖರ್ಚೆಂದೇ ತೋರುತ್ತದೆ, ಅಷ್ಟು ದೂರಕ್ಕೆ .223 ರೆಮಿಂಗ್ಟನ್ ಎಂಬ ಸಣ್ಣ ತೋಟಾ ಕೂಡ ಧಾರಾಳವಾಗಿ ಸಾಲುತ್ತದೆ.

ದೂರ ಹೆಚ್ಚಿದಾಗ ಇನ್ನೊಂದು ಗಡಿ ಅಡ್ಡ ಬರುತ್ತದೆ, ಅದು ಶಬ್ದದ ವೇಗ. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ತನ್ನ ಮೂತಿಯ ಮುಂದೆ ಆಘಾತ ತರಂಗವನ್ನು ಎಬ್ಬಿಸಿಕೊಂಡು ಹೋಗುತ್ತದೆ. ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಚರ್ ಎಂಬ ಭೌತವಿಜ್ಞಾನಿಗಳು 1880ರ ದಶಕದಲ್ಲೇ ಅದರ ಛಾಯಾಚಿತ್ರ ತೆಗೆದಿದ್ದರು. ವೇಗ ಕುಗ್ಗುತ್ತ ಶಬ್ದದ ವೇಗದ ಹತ್ತಿರಕ್ಕೆ ಇಳಿದಾಗ ಈ ತರಂಗಗಳು ಸ್ಥಾನ ಬದಲಿಸುತ್ತವೆ, ಗಾಳಿಯ ಒತ್ತಡದ ಕೇಂದ್ರ ಸರಿಯುತ್ತದೆ, ಕೆಲವು ಗುಂಡುಗಳು ತೊನೆಯತೊಡಗುತ್ತವೆ. 300 ಮೀಟರ್ ಸ್ಪರ್ಧೆಗೆಂದು ರೂಪುಗೊಂಡು ಬಹಳ ಹೆಸರು ಮಾಡಿದ 168 ಗ್ರೇನಿನ .308 ಗುಂಡು ಸಾವಿರ ಗಜದ ಸುಮಾರಿನಲ್ಲಿ ಹೀಗೆಯೇ ದಾರಿ ತಪ್ಪುತ್ತದೆ. ಕೇವಲ ಏಳು ಗ್ರೇನ್ ಭಾರದ, ಬಾಲದ ಓರೆ ತುಸು ಬೇರೆಯಾದ 175ರ ಗುಂಡು ಅದೇ ಗಡಿಯನ್ನು ಹೆಚ್ಚು ನೆಮ್ಮದಿಯಿಂದ ದಾಟುತ್ತದೆ. ತೋಟಾದ ಹೆಸರಿಗಿಂತ ಅದರೊಳಗಿನ ಗುಂಡು ಯಾವುದು ಎಂಬುದು ಮುಖ್ಯವಾಗುವುದು ಇಂಥಲ್ಲಿ. 6.5ರ ಗುಂಡಿಗಾದರೋ ಸಾವಿರ ಗಜದಲ್ಲಿಯೂ ಸೆಕೆಂಡಿಗೆ ಸುಮಾರು 450 ಮೀಟರ್ ವೇಗ ಉಳಿದಿರುತ್ತದೆ.

ಬಿಸ್ಲಿಯ ಲೆಕ್ಕ ನಮ್ಮೂರಿಗೆ ಹೊಂದುವುದಿಲ್ಲ. ನಮ್ಮ ಜಿಲ್ಲಾ ಕೇಂದ್ರವಾದ ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. 30 ಡಿಗ್ರಿ ಬಿಸಿಲಿನ ದಿನ ಇಲ್ಲಿನ ಗಾಳಿಯ ಸಾಂದ್ರತೆ ಪಠ್ಯಪುಸ್ತಕದ ಸಮುದ್ರಮಟ್ಟದ ಗಾಳಿಗಿಂತ ಸುಮಾರು ಶೇಕಡಾ 15ರಷ್ಟು ಕಡಿಮೆ. ಗಾಳಿ ತೆಳುವಾದರೆ ತಡೆ ಕಡಿಮೆ, ತಡ ಕಡಿಮೆ, ಸರಿಯುವುದೂ ಕಡಿಮೆ. ಅದೇ .308 ಗುಂಡು ಇಲ್ಲಿ ಹಾರಿದ್ದರೆ ಸಾವಿರ ಗಜದಲ್ಲಿ ಹೆಚ್ಚುಕಡಿಮೆ ಒಂದು ಮೊಳ ಕಡಿಮೆ ಸರಿಯುತ್ತಿತ್ತು. ಆದರೆ ಇದು ಏರಿಯ ಮೇಲಿನ ಲೆಕ್ಕ ಮಾತ್ರ. ನಮ್ಮಲ್ಲಿ 1959ರ ಆಯುಧ ಕಾಯ್ದೆಯಂತೆ ಇಂಥ ಕೋವಿ, ತೋಟಾ ಎರಡಕ್ಕೂ ಪರವಾನಗಿ ಬೇಕು, ಮತ್ತು ಊರ ಬಯಲು ಗುರಿ ಹೊಡೆಯುವ ಮೈದಾನವಲ್ಲ. ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬ, ಸುತ್ತ ಕಾವಲು, ಕಟ್ಟುನಿಟ್ಟಿನ ಆಜ್ಞೆ ಇವಿಲ್ಲದ ಕಡೆ ಈ ಆಟವಿಲ್ಲ.

ಬೇಸಿಗೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಮದ್ದು ಬಿಸಿಯಾದರೆ ಬೇಗ ಉರಿಯುತ್ತದೆ. ತಾಪಕ್ಕೆ ಸೂಕ್ಷ್ಮವಾದ ಮದ್ದುಗಳಲ್ಲಿ ಡಿಗ್ರಿಗೆ ಸುಮಾರು ಅರ್ಧ ಮೀಟರಿನಂತೆ ಗುಂಡಿನ ವೇಗ ಏರುತ್ತದೆ. ತೋಟಾ ಡಬ್ಬಿಯನ್ನು ಬಿಸಿಲಿಗಿಟ್ಟು 20 ಡಿಗ್ರಿ ಕಾಯಲು ಬಿಟ್ಟರೆ ವೇಗ ಸೆಕೆಂಡಿಗೆ 10 ಮೀಟರ್ ಹೆಚ್ಚಾಯಿತು. ಸಾವಿರ ಗಜದಲ್ಲಿ ಇಷ್ಟರಿಂದಲೇ ಗುಂಡು ಸುಮಾರು 23 ಸೆಂಟಿಮೀಟರ್ ಮೇಲಕ್ಕೆ ಬೀಳುತ್ತದೆ; ಹತ್ತು ಇಂಚಿನ ವೃತ್ತದ ಹೆಚ್ಚುಕಡಿಮೆ ಪೂರ್ತಿ ಎತ್ತರವನ್ನು ಅದೊಂದೇ ತಪ್ಪು ನುಂಗಿಬಿಡುತ್ತದೆ. ಒಂದು ತೋಟಾದಿಂದ ಇನ್ನೊಂದಕ್ಕೆ ಮದ್ದಿನ ತೂಕ ಏರುಪೇರಾದರೂ ಇದೇ ಗತಿ. ಹಾಗಾಗಿ ದೂರದ ಪಂದ್ಯದಲ್ಲಿ ವೇಗ ಹೆಚ್ಚಿರುವುದಕ್ಕಿಂತ ಪ್ರತಿ ಸಲವೂ ಒಂದೇ ಆಗಿರುವುದು ಮೇಲು, ಮತ್ತು ಸ್ಪರ್ಧೆಗೆಂದೇ ಎಚ್ಚರಿಕೆಯಿಂದ ತುಂಬಿದ ತೋಟಾ ಸಿಗುವ ಅಳತೆಯನ್ನೇ ಹಿಡಿಯುವುದು ಜಾಣತನ.

ಮ್ಯಾಗ್ನಮ್‌ನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. .308 ಕೋಶದಲ್ಲಿ ಸುಮಾರು 45 ಗ್ರೇನ್ ಮದ್ದಿದ್ದರೆ ಅದರಲ್ಲಿ 70ಕ್ಕೂ ಮೇಲೆ. ಎರಡರ ನಳಿಗೆಯ ರಂಧ್ರ ಮಾತ್ರ ಒಂದೇ ಅಳತೆಯದು. ಅಷ್ಟು ಬೆಂಕಿ ಅದೇ ಕಿರಿದಾದ ಬಾಯಿಯಲ್ಲಿ ನುಗ್ಗುವುದರಿಂದ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿಗೀರುಗಳು ಆರಂಭವಾಗುವಲ್ಲಿ ಉಕ್ಕು ಬೇಗ ಸವೆಯುತ್ತದೆ. .308 ನಳಿಗೆ ಐದು ಸಾವಿರ ಹೊಡೆತದವರೆಗೂ ಸ್ಪರ್ಧೆಗೆ ತಕ್ಕ ನಿಖರತೆ ಉಳಿಸಿಕೊಂಡರೆ, 6.5 ಕ್ರೀಡ್‌ಮೂರ್ ಎರಡರಿಂದ ಮೂರು ಸಾವಿರ, ಮ್ಯಾಗ್ನಮ್ ಅದಕ್ಕಿಂತಲೂ ಕಡಿಮೆ ಎಂಬುದು ಗುರಿಕಾರರ ಸಾಮಾನ್ಯ ಅನುಭವ. ಹಿಂದೊದೆತವೂ ಹಾಗೆಯೇ: ಒಂದೇ ತೂಕದ ಕೋವಿಗಳಲ್ಲಿ 6.5ರ ಒದೆತದ ಶಕ್ತಿ .308ರ ಸುಮಾರು ಮುಕ್ಕಾಲು ಪಾಲು, ಮ್ಯಾಗ್ನಮ್‌ದು ಒಂದೂವರೆ ಪಟ್ಟಿಗೂ ಮೇಲೆ. ದಿನಕ್ಕೆ ಅರವತ್ತು ಎಪ್ಪತ್ತು ಸಲ ಭುಜಕ್ಕೆ ಅಂಥ ಪೆಟ್ಟು ಬಿದ್ದರೆ, ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಮೈಗಂಟುತ್ತದೆ. ಆಮೇಲೆ ಯಾವ ಗುಣಾಂಕವೂ ಕಾಪಾಡಲಾರದು.

ಉಳಿದದ್ದು ಪಂದ್ಯದ ನಿಯಮ. ಎಫ್-ಕ್ಲಾಸಿನಲ್ಲಿ ಎರಡು ಪಂಗಡಗಳಿವೆ: ಮುಕ್ತ ಪಂಗಡಕ್ಕೆ 8 ಮಿಲಿಮೀಟರಿನವರೆಗೆ ಯಾವ ಅಳತೆಯಾದರೂ ಸರಿ, ಎಫ್-ಟಿಆರ್ ಎಂಬ ಪಂಗಡಕ್ಕೆ .308 ಮತ್ತು .223 ಮಾತ್ರ. ಎಲ್ಲರೂ ಒಂದೇ ಬಗೆಯ ತೋಟಾ ಹಿಡಿದಾಗ ಗೆಲುವನ್ನು ತೀರ್ಮಾನಿಸುವುದು ಗಾಳಿಯನ್ನು ಓದುವ ಕಣ್ಣು. ದೂರದ ಸ್ಪರ್ಧೆಗಳ ಚರಿತ್ರೆಯಲ್ಲಿ ಇದು ಮೊದಲಿನಿಂದಲೂ ಹೀಗೆಯೇ ಇದೆ ಅನ್ನಲಾಗದು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನ ಕ್ರೀಡ್‌ಮೂರ್ ಮೈದಾನದಲ್ಲಿ, ತೋಟಾಕ್ಕೆ ಆ ಹೆಸರು ಬಂದದ್ದು ಅಲ್ಲಿಂದಲೇ, 1874ರಲ್ಲಿ ಅಮೆರಿಕನ್ನರು ಮತ್ತು ಐರಿಷರು ಸೆಣಸಿದಾಗ ಐರಿಷರದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ಅಮೆರಿಕನ್ನರದು ಹಿಂದಿನಿಂದ ತೋಟಾ ಹಾಕುವಂಥದು. 934ಕ್ಕೆ 931 ಅಂಕಗಳಿಂದ ಅಮೆರಿಕನ್ನರು ಗೆದ್ದರು. ಆದರೆ ಆ ಮೂರು ಅಂಕ ಕೋವಿಯಿಂದ ಬಂದದ್ದೆಂದು ಹೇಳುವುದು ಕಷ್ಟ: ಐರಿಷ್ ತಂಡದವನೊಬ್ಬ ಪಕ್ಕದ ಗುರಿಹಲಗೆಯ ನಟ್ಟನಡುವಿಗೆ ಹೊಡೆದಿದ್ದ, ಅದಕ್ಕೆ ಅಂಕ ಸಿಗಲಿಲ್ಲ.

ನನ್ನ ಅಭಿಪ್ರಾಯ ಕೇಳಿದ್ದಕ್ಕೆ, ಮೊದಲ ಎರಡು ವರ್ಷ .308 ಇಟ್ಟುಕೊಂಡು 175 ಗ್ರೇನಿನ ಗುಂಡು ಹಾಕು ಎಂದೆ. ನಳಿಗೆ ಬಹಳ ಕಾಲ ಬಾಳುತ್ತದೆ, ಅವನ ಕ್ಲಬ್ಬಿನ ಕಪಾಟಿನಲ್ಲಿ ಆ ತೋಟಾ ಸದಾ ಇರುತ್ತದೆ, ಮತ್ತು ಗಾಳಿಗೆ ಹೆಚ್ಚು ಸರಿಯುವ ಗುಂಡು ಗಾಳಿಯ ಪಾಠವನ್ನು ದೊಡ್ಡಕ್ಷರದಲ್ಲಿ ಬರೆದು ತೋರಿಸುತ್ತದೆ. ಸಾವಿರ ಗಜದ ಪಂದ್ಯಗಳೇ ಹೆಚ್ಚಾದಾಗ 6.5ಕ್ಕೆ ಹೋಗಲಿ.

ಆ ಪಾಠದ ಮೊದಲ ಪುಟವನ್ನು ಮರುದಿನ ಮಧ್ಯಾಹ್ನ ಕೆರೆಯಲ್ಲೇ ತೋರಿಸಿದೆ. ಕೆರೆಯಂಗಳ ಒಣಗಿ ಬಿರುಕು ಬಿಟ್ಟಿತ್ತು, ಆಚೆ ದಡದ ಜಾಲಿಗಿಡಗಳ ಬುಡದಲ್ಲಿ ಬಿಸಿಲ್ಗುದುರೆ ಓಡುತ್ತಿತ್ತು. ಅವನ ದುರ್ಬೀನನ್ನು ಗಿಡಗಳಿಗಿಂತ ತುಸು ಈಚೆಗೆ ನಾಭಿಗೊಳಿಸಿದಾಗ, ಕಾದ ನೆಲದಿಂದೇಳುವ ಗಾಳಿಯ ಅಲೆಗಳು ಹೊಳೆನೀರಿನಂತೆ ಎಡದಿಂದ ಬಲಕ್ಕೆ ಹರಿಯುವುದು ಕಂಡಿತು. ಅಲೆ ನೆಟ್ಟಗೆ ಮೇಲೆದ್ದರೆ ಅಡ್ಡಗಾಳಿಯಿಲ್ಲ, ಓರೆಯಾದರೆ ಮೆಲ್ಲಗಿದೆ, ನೆಲಕ್ಕೆ ಒರಗಿ ಓಡಿದರೆ ಜೋರಾಗಿದೆ. ಅವನು ಅರ್ಧ ಗಂಟೆ ಕಣ್ಣು ತೆಗೆಯದೆ ನೋಡಿದ; ಅಲೆ ಓರೆಯಾದಾಗಲೆಲ್ಲ "ಒಂದು ಮೀಟರ್ ಎಡಕ್ಕೆ", "ಒಂದೂವರೆ" ಎಂದು ಲೆಕ್ಕ ಹೇಳುತ್ತ ಹೋದ. ಒಂದು ಸಲ ಮಾತ್ರ ಅಲೆಗಳು ಇದ್ದಕ್ಕಿದ್ದಂತೆ ನೆಟ್ಟಗಾಗಿ, ಮರುಕ್ಷಣ ಬಲದಿಂದ ಎಡಕ್ಕೆ ತಿರುಗಿದವು. ಅವನು ಲೆಕ್ಕ ನಿಲ್ಲಿಸಿ, "ಈಗ ಹೊಡೆಯಲ್ಲ ಮಾಮ, ಕಾಯ್ತೀನಿ" ಎಂದ.