ಮುದ್ರೆ ಬಿದ್ದ ಕಡತ ಪತ್ರಿಕೆಗೆ ಬಂದಾಗ

ಅಕ್ರಮ ಗಣಿಗಾರಿಕೆ ಕುರಿತ ಅಂತಿಮ ವರದಿಯನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಸರ್ಕಾರಕ್ಕೆ ಸಲ್ಲಿಸುವ ಹೊತ್ತಿಗೆ, ಅದರ ಸಾರಾಂಶ ಬೆಂಗಳೂರಿನ ಓದುಗರಿಗೆಲ್ಲ ಗೊತ್ತಾಗಿಹೋಗಿತ್ತು. ವರದಿ ಅದಕ್ಕೆ ಮುಂಚೆಯೇ ಸೋರಿತ್ತು. 31ರಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ವಿಧಾನಸೌಧದ ವರದಿಗಾರರ ಕೈಗೆ ಬೀಳುವುದು ಬಹುಮಟ್ಟಿಗೆ ಇಂಥವೇ: ಸಂಪುಟ ಟಿಪ್ಪಣಿ, ಆಯೋಗದ ವರದಿ, ವರ್ಗಾವಣೆ ಪಟ್ಟಿ. ಆದರೆ ಇದೇ ಊರಿನಲ್ಲಿ ಎಚ್‌ಎಎಲ್ ಇದೆ, ಡಿಆರ್‌ಡಿಒ ಪ್ರಯೋಗಾಲಯಗಳಿವೆ, ಇಸ್ರೊದ ಕೇಂದ್ರ ಕಚೇರಿಯಿದೆ. ಅಲ್ಲಿಂದ ಒಂದು ಹಾಳೆ ಹೊರಬಿದ್ದರೆ ಕಥೆಯೇ ಬೇರೆ. ವಿಚಿತ್ರವೆಂದರೆ, ಎರಡೂ ಬಗೆಯ ಕಾಗದದ ಮೇಲೆ ಸರ್ಕಾರ ಬೀಸಬಹುದಾದ ಬಲೆ ಒಂದೇ, 1923ರ ಅಧಿಕೃತ ರಹಸ್ಯಗಳ ಕಾಯ್ದೆ.

ಅದರ ಬೇರು ಇನ್ನೂ ಹಿಂದಿನದು. ಬ್ರಿಟನ್ನಿನಲ್ಲಿ 1889ರಲ್ಲಿ ಬಂದ ಕಾನೂನು ಅದೇ ವರ್ಷ ಭಾರತಕ್ಕೂ ಬಂತು. ಕರ್ಜನ್ ಕಾಲದಲ್ಲಿ, 1904ರಲ್ಲಿ, ಅದನ್ನು ಬಿಗಿ ಮಾಡಿದರು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ, ದಿವಾನ್ ವಿ.ಪಿ. ಮಾಧವರಾವ್ ಕಾಲದ 1908ರ ಪತ್ರಿಕಾ ಶಾಸನವನ್ನು ಪ್ರತಿಭಟಿಸಿ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆ ಶಾಸನ ಇತಿಹಾಸ ಸೇರಿತು. 1923ರದ್ದು ಇನ್ನೂ ಬದುಕಿದೆ.

ಈ ಕಾಯ್ದೆಯಲ್ಲಿ ಪತ್ರಕರ್ತರಿಗೆ ತಗಲುವುದು 5ನೇ ಸೆಕ್ಷನ್. ನಂಬಿ ಒಪ್ಪಿಸಿದ ಕಾಗದವನ್ನು ನೌಕರ ಹೊರಗೆ ಕೊಟ್ಟರೆ ಅಪರಾಧ. ಕಾಯ್ದೆ ಮೀರಿ ಕೊಟ್ಟದ್ದೆಂದು ತಿಳಿದೂ ಅದನ್ನು ತೆಗೆದುಕೊಂಡವರದ್ದೂ ಅಪರಾಧವೇ. ಶಿಕ್ಷೆ 3 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಗೂಢಚಾರಿಕೆಯ 3ನೇ ಸೆಕ್ಷನ್ ಹಾಕಿದರೆ, ವಿಷಯ ರಕ್ಷಣೆಗೆ ಸಂಬಂಧಿಸಿದ್ದಾದರೆ, 14 ವರ್ಷ. ಯಾವುದು ರಹಸ್ಯ ಎಂಬುದಕ್ಕೆ ಮಾತ್ರ ಕಾಯ್ದೆಯಲ್ಲಿ ವ್ಯಾಖ್ಯೆಯಿಲ್ಲ. ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಷಿಯಲ್, ರಿಸ್ಟ್ರಿಕ್ಟೆಡ್ ಎಂಬ ನಾಲ್ಕು ಮುದ್ರೆಗಳು ಕೇಂದ್ರದ ಇಲಾಖಾ ಭದ್ರತಾ ಕೈಪಿಡಿಯಿಂದ ಬಂದವು, ಸಂಸತ್ತಿನಿಂದಲ್ಲ. ಮುದ್ರೆ ಒತ್ತಿದವರು ಕಾರಣ ಬರೆಯದಿದ್ದರೆ ಕೇಳುವವರಿಲ್ಲ.

ಹೀಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಪತ್ರಕರ್ತ ಇಫ್ತಿಕಾರ್ ಗಿಲಾನಿ ಪ್ರಕರಣ ಸಾಕು. 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಅವರನ್ನು ಬಂಧಿಸಿದರು. ಅವರ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಕಾಶ್ಮೀರದ ಸೇನಾ ನಿಯೋಜನೆಯ ವಿವರ, ಅದೂ ಆಗಲೇ ಪಾಕಿಸ್ತಾನದಲ್ಲಿ ಪ್ರಕಟವಾಗಿ ಇಂಟರ್‌ನೆಟ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿದ್ದದ್ದು. ಸೇನಾ ಗುಪ್ತಚರ ವಿಭಾಗದ ಅಭಿಪ್ರಾಯವೇ ಬದಲಾಗಿ, 2003ರ ಜನವರಿಯಲ್ಲಿ ಸರ್ಕಾರ ಪ್ರಕರಣ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಏಳು ತಿಂಗಳು ತಿಹಾರ್ ಜೈಲಿನಲ್ಲಿ ಕಳೆದಿದ್ದವು. ಬಂಡವಾಳ ಹಿಂತೆಗೆತದ ಸಂಪುಟ ಟಿಪ್ಪಣಿ ಪ್ರಕಟಿಸಿದ್ದಕ್ಕೆ ಆರೋಪ ಹೊತ್ತ ಪತ್ರಕರ್ತ ಶಂತನು ಸೈಕಿಯಾ ಅವರನ್ನು ದೆಹಲಿ ನ್ಯಾಯಾಲಯ 2009ರಲ್ಲಿ ಕೈಬಿಟ್ಟಿತು: ‘ಸೀಕ್ರೆಟ್’ ಎಂದು ಬರೆದ ಮಾತ್ರಕ್ಕೆ ಕಾಗದ ಕಾಯ್ದೆಯೊಳಗೆ ಬರುವುದಿಲ್ಲ. ತೀರ್ಪು ಸರಿ, ಬರಲು ಸುಮಾರು ಹತ್ತು ವರ್ಷ ಬೇಕಾಯಿತು.

ದೊಡ್ಡ ತಿರುವು ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದ್ದು. ರಕ್ಷಣಾ ಸಚಿವಾಲಯದ ಟಿಪ್ಪಣಿಗಳು 2019ರ ಫೆಬ್ರುವರಿಯಿಂದ ‘ದಿ ಹಿಂದು’ ಪತ್ರಿಕೆಯಲ್ಲಿ ಬಂದವು. ಅವು ಕಳವಾದ ದಾಖಲೆ, ಕೋರ್ಟು ನೋಡಬಾರದು ಎಂದು ಕೇಂದ್ರ ವಾದಿಸಿತು. ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಲಿಲ್ಲ. ಗೋಪ್ಯ ಎಂದು ಗುರುತಿಸಿದ ದಾಖಲೆಯ ಪ್ರಕಟಣೆಯನ್ನು ತಡೆಯುವ ಅಧಿಕಾರ ಈ ಕಾಯ್ದೆಯಲ್ಲಾಗಲಿ ಬೇರೆ ಕಾನೂನಿನಲ್ಲಾಗಲಿ ಕಾರ್ಯಾಂಗಕ್ಕೆ ಇಲ್ಲ ಎಂದಿತು. ವಿಯೆಟ್ನಾಂ ಯುದ್ಧದ ಗೋಪ್ಯ ‘ಪೆಂಟಗನ್ ದಾಖಲೆ’ಗಳ ಪ್ರಕಟಣೆಗೆ ತಡೆ ನಿರಾಕರಿಸಿದ ಅಮೆರಿಕದ 1971ರ ತೀರ್ಪನ್ನೂ ನೆನೆಯಿತು. ಖರೀದಿ ಕುರಿತ ಮರುಪರಿಶೀಲನಾ ಅರ್ಜಿಗಳು ಅದೇ ನವೆಂಬರಿನಲ್ಲಿ ವಜಾ ಆದವು, ಅದು ಬೇರೆ ಮಾತು.

ಈ ತೀರ್ಪನ್ನು ಗೆಲುವೆಂದು ಓದುವವರು ಒಂದನ್ನು ಮರೆಯುತ್ತಾರೆ. ಅದು ಪ್ರಕಟಣೆಗೆ ತಡೆಯಿಲ್ಲ ಎಂದಿತೇ ಹೊರತು, 5ನೇ ಸೆಕ್ಷನ್ನನ್ನು ಮುಟ್ಟಲಿಲ್ಲ. ಅಚ್ಚಾದ ಮೇಲೆ ಕೇಸು ಹಾಕುವ ದಾರಿ ತೆರೆದೇ ಇದೆ.

ಮಾಹಿತಿ ಹಕ್ಕು ಕಾಯ್ದೆಯನ್ನು ಇಲ್ಲಿ ಗುರಾಣಿಯೆಂದು ಭಾವಿಸುವವರೂ ಇದ್ದಾರೆ. 2005ರ ಆ ಕಾಯ್ದೆಯ 22ನೇ ಸೆಕ್ಷನ್ ಅಧಿಕೃತ ರಹಸ್ಯಗಳ ಕಾಯ್ದೆಗಿಂತ ಮೇಲೆಂಬುದು ನಿಜ. ಆದರೆ ಅದು ರಕ್ಷಿಸುವುದು ಅರ್ಜಿ ಹಾಕಿ ಪಡೆದ ಕಾಗದವನ್ನು, ಲಕೋಟೆಯಲ್ಲಿ ಬಂದದ್ದನ್ನಲ್ಲ. ಸೋರಿದ ದಾಖಲೆಯನ್ನು ಮತ್ತೊಮ್ಮೆ ಅರ್ಜಿ ಮೂಲಕ ಕೇಳಿ ಪಡೆಯುವ ಹಳೆಯ ಉಪಾಯಕ್ಕೆ ಬೆಲೆ ಬರುವುದು ಇದರಿಂದಲೇ. ತೊಡಕೆಂದರೆ, ಉತ್ತರಕ್ಕೆ 30 ದಿನ, ಮತ್ತು ಯಾವ ಕಡತ ಕೇಳಿದಿರಿ ಎಂಬುದೇ ಕಚೇರಿಗೆ ಸುಳಿವು.

ಪೆಟ್ಟು ಮೊದಲು ಬೀಳುವುದು ಕೊಟ್ಟವರಿಗೆ. ಸರ್ಕಾರಿ ಕಡತಗಳು ಕಂಪ್ಯೂಟರಿನಲ್ಲೇ ಸಾಗುವ ಇ-ಆಫೀಸಿನಲ್ಲಿ ಕಡತ ಯಾರ ಲಾಗಿನ್‌ನಿಂದ ಯಾವಾಗ ಸಾಗಿತು ಎಂಬುದು ದಾಖಲಾಗುತ್ತದೆ. 2017ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ದಾಖಲೆ ಸೋರಿಸಿದ ರಿಯಾಲಿಟಿ ವಿನ್ನರ್ ಎಂಬ ಗುತ್ತಿಗೆ ನೌಕರಿಣಿ ಸಿಕ್ಕಿಬಿದ್ದದ್ದು ಇಂಥದೇ ಲೆಕ್ಕದಿಂದ. ಸುದ್ದಿ ಜಾಲತಾಣಕ್ಕೆ ಬಂದ ಪ್ರತಿಯಲ್ಲಿ ಮಡಿಕೆಯ ಗುರುತಿತ್ತು, ಅಂದರೆ ಅದು ಪ್ರಿಂಟ್ ತೆಗೆದದ್ದು. ಪ್ರಿಂಟ್ ತೆಗೆದವರು ಆರೇ ಮಂದಿ. ಅವರಲ್ಲಿ ಆ ಜಾಲತಾಣಕ್ಕೆ ಇಮೇಲ್ ಮಾಡಿದ್ದವರು ಒಬ್ಬರು. 63 ತಿಂಗಳ ಜೈಲು. ಸಿಕ್ಕ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಪರಿಶೀಲನೆಗೆಂದು ಇಲಾಖೆಗೆ ಕಳಿಸುವ ಅಭ್ಯಾಸ ಎಷ್ಟು ಅಪಾಯದ್ದೆಂದು ಇದರಿಂದ ತಿಳಿಯಬೇಕು. ಒಕ್ಕಣೆಯನ್ನು ಹೊಸದಾಗಿ ಟೈಪ್ ಮಾಡಿ, ಕೈಬರಹ ಮತ್ತು ಕಡತ ಸಂಖ್ಯೆ ಬಿಟ್ಟು, ಸಂಗತಿಯನ್ನಷ್ಟೇ ಪ್ರಶ್ನೆಯಾಗಿ ಕೇಳುವುದು ಮೇಲು.

ಸುದ್ದಿಮೂಲ ಮುಚ್ಚಿಡುವ ಹಕ್ಕಿಗಾಗಿ ಸಾಕ್ಷ್ಯ ಕಾಯ್ದೆ ತಿದ್ದಬೇಕೆಂದು ಕಾನೂನು ಆಯೋಗ 1983ರಲ್ಲೇ ತನ್ನ 93ನೇ ವರದಿಯಲ್ಲಿ ಹೇಳಿತ್ತು. ಆಗಲಿಲ್ಲ. ಕರ್ನಾಟಕದವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲಿ ರಹಸ್ಯ ಕಾಯ್ದೆಯನ್ನೇ ರದ್ದುಮಾಡಿ, ಬೇಕಾದಷ್ಟನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಗೆ ಸೇರಿಸಿ ಎಂದಿತು. ಕೇಂದ್ರ ಒಪ್ಪಲಿಲ್ಲ. ಈಗ ತನಿಖಾಧಿಕಾರಿಗಳಿಗೆ ಮೂಲದ ಹೆಸರು ಕೇಳುವ ತಾಪತ್ರಯವೂ ಇಲ್ಲ, ಫೋನ್ ಜಪ್ತಿ ಮಾಡಿದರಾಯಿತು. ಇದಕ್ಕೆ ಮಾರ್ಗಸೂಚಿ ಬೇಕೆಂದು ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ ಕೇಂದ್ರಕ್ಕೆ ಹೇಳಿತು. ಜಪ್ತಿಯಾಗುವ ಗಳಿಗೆಯಲ್ಲಿ ವಕೀಲರು ಮೊದಲು ಕೇಳುವುದು ಸಾಧನದ ಹ್ಯಾಶ್ ಮೌಲ್ಯವನ್ನು (ಒಳಗಿನ ಮಾಹಿತಿ ಒಂದಿಷ್ಟು ಬದಲಾದರೂ ಬದಲಾಗುವ ಗುರುತು ಸಂಖ್ಯೆ), ಅದೂ ಮಹಜರಿನಲ್ಲೇ ಬರೆಸಿಕೊಂಡು. ಅದಿಲ್ಲದಿದ್ದರೆ, ಆಮೇಲೆ ಅದರೊಳಗೆ ಏನಾದರೂ ಸೇರಿತೆಂದು ತೋರಿಸುವುದು ಬಹಳ ಕಷ್ಟ.