ಅಂಗೈ ಮೇಲಿನ ಕರಿ ಹುಳು

ಹಿತ್ತಲಲ್ಲಿ ಒಂದೆರಡು ಜೇನುಪೆಟ್ಟಿಗೆ ಇಟ್ಟುಕೊಂಡವರು ನನಗೆ ಕಳಿಸುವ ಫೋಟೋಗಳು ಹೆಚ್ಚೂಕಮ್ಮಿ ಒಂದೇ ಥರ. ಅಂಗೈ ಮೇಲೆ ಒಂದು ಹುಳು, ಕೆಳಗೆ ಒಂದು ಸಾಲು: ‘ಇದೇನು ಹೀಗಿದೆ, ರೋಗಾನಾ?’ ಒಂದು ಹುಳು ನೋಡಿ ಇಡೀ ಕುಟುಂಬದ ಜಾತಕ ಹೇಳೋಕಾಗಲ್ಲ. ಇಂಥವು ಎಷ್ಟಿವೆ, ಎಲ್ಲಿ ಸಿಕ್ಕವು, ಸಿಕ್ಕಾಗ ಏನು ಮಾಡುತ್ತಿದ್ದವು ಅಂತ ನಾನೇ ತಿರುಗಿ ಕೇಳುತ್ತೇನೆ.

ಎಷ್ಟೋ ಸಲ ರೋಗವೇ ಇರುವುದಿಲ್ಲ. ದಪ್ಪ ಮೈ, ನೆತ್ತಿಯಲ್ಲಿ ಕೂಡುವಷ್ಟು ದೊಡ್ಡ ಕಣ್ಣು ಇದ್ದರೆ ಅದು ಗಂಡು ಜೇನು, ಕಚ್ಚುವುದೂ ಇಲ್ಲ. ಬೂದಿ ಬಣ್ಣದ, ಮೈತುಂಬ ನವಿರು ಕೂದಲಿನ, ಮಂಕಾಗಿ ನಡೆಯುವ ಹುಳು ಆಗತಾನೇ ಕೋಶದಿಂದ ಹೊರಬಂದದ್ದು. ಬೆನ್ನಿಗೆ ಬಿಳಿ ಬಳಿದಂತಿದ್ದರೆ ಸುಮ್ನೆ ಒರೆಸಿ ನೋಡಿ, ಯಾವುದೋ ಹೂವಿನ ಪರಾಗ ಇರಬಹುದು. ಒಂದೇ ಪೆಟ್ಟಿಗೆಯಲ್ಲಿ ಹಳದಿ ಪಟ್ಟೆಯವು, ಕಪ್ಪು ಪಟ್ಟೆಯವು ಎರಡೂ ಇದ್ದರೂ ಗಾಬರಿ ಬೇಡ. ರಾಣಿ ಹತ್ತಾರು ಗಂಡುಗಳ ಜೊತೆ ಕೂಡಿ ಬಂದಿರುತ್ತಾಳೆ. ತಾಯಿ ಒಬ್ಬಳೇ ಆದರೂ ತಂದೆಯರು ಬೇರೆ ಬೇರೆ, ಬಣ್ಣವೂ ಬೇರೆ ಬೇರೆ.

ತಲೆ ಕೆಡಿಸುವುದು ಕೂದಲುದುರಿ ಎಣ್ಣೆ ಹಚ್ಚಿದ ಹಾಗೆ ಮಿನುಗುವ ಕರಿ ಹುಳು. ವಯಸ್ಸಾದ ಹುಳುವಿನ ಕೂದಲೂ ಸವೆದು ಹೋಗುತ್ತದೆ, ರೆಕ್ಕೆಯ ಅಂಚು ಹರಿದಿರುತ್ತದೆ. ಬೇರೆ ಪೆಟ್ಟಿಗೆಗೆ ಕನ್ನ ಹಾಕುವ ಕಳ್ಳ ಹುಳುವೂ ಹೀಗೇ ಕಾಣುತ್ತದೆ. ಪಾರ್ಶ್ವವಾಯು ವೈರಸ್ ತಗುಲಿದ್ದೂ ಹೀಗೇ! ಫೋಟೋದಲ್ಲಿ ಮೂರೂ ಒಂದೇ. ಅದಕ್ಕೇ ಪೆಟ್ಟಿಗೆಯ ಬಾಗಿಲ ಮುಂದೆ ಕೂತು ನೋಡಬೇಕು. ಕಳ್ಳ ಹುಳು ಚುರುಕು, ಅತ್ತಿತ್ತ ಓಲಾಡುತ್ತಾ ಸಂದು ಹುಡುಕುತ್ತದೆ, ಕಾವಲು ಹುಳು ಮೈಮೇಲೆ ಬಿದ್ದರೆ ಹೊಡೆದಾಡುತ್ತದೆ ಇಲ್ಲವೇ ಹಾರಿ ತಪ್ಪಿಸಿಕೊಳ್ಳುತ್ತದೆ. ರೋಗದ ಹುಳುವನ್ನೂ ಕಾವಲಿನವು ಎಳೆದು ಹಾಕುತ್ತವೆ, ಆದರೆ ಅದು ನಡುಗುತ್ತಾ ನೆಲದಲ್ಲೇ ತೆವಳುತ್ತದೆ, ಹಾರಲು ಆಗುವುದಿಲ್ಲ. ಒಮ್ಮೆ ನಾನೇ ಮೋಸ ಹೋದೆ. ದೂರದಿಂದ ವಿವರ ಕೇಳಿ ಕಳ್ಳತನ ಅಂದುಕೊಂಡು, ಬಾಗಿಲು ಕಿರಿದು ಮಾಡಿ ಅಂದುಬಿಟ್ಟೆ. ಆಮೇಲೆ ಹೋಗಿ ನೋಡಿದರೆ ಪೆಟ್ಟಿಗೆ ಮುಂದೆ ನಡುಗುವ, ಸತ್ತ ಹುಳುಗಳ ರಾಶಿ. ಇಕ್ಕಟ್ಟಿನಲ್ಲಿ ಮೈಗೆ ಮೈ ಉಜ್ಜಿ, ಕೂದಲು ಮುರಿದ ಜಾಗದಿಂದಲೇ ಈ ವೈರಸ್ ಹರಡುತ್ತದೆ. ಅಂಥ ಪೆಟ್ಟಿಗೆಗೆ ನಾನು ಹೇಳಿದ್ದು ಇನ್ನಷ್ಟು ಇಕ್ಕಟ್ಟು ಮಾಡಲು! ಇದಕ್ಕೆ ಔಷಧಿ ಇಲ್ಲ. ಜಾಗ, ಗಾಳಿ ಜಾಸ್ತಿ ಮಾಡಿ ಕೊಡಬೇಕು, ಕೆಲವರು ರಾಣಿಯನ್ನೂ ಬದಲಿಸುತ್ತಾರೆ. ಅವತ್ತಿಂದ ನಾನು ಫೋಟೋ ಕೇಳುವುದಿಲ್ಲ, ಬಾಗಿಲಿನ ಒಂದು ನಿಮಿಷದ ವಿಡಿಯೋ ಕೇಳುತ್ತೇನೆ.

ಒಂದೇ ಹುಳು ಕಂಡರೂ ನಾನು ತಡಮಾಡದ ಲಕ್ಷಣ ಒಂದಿದೆ, ಸುಕ್ಕಾಗಿ ಮುದುಡಿದ ರೆಕ್ಕೆ. ರೆಕ್ಕೆ ಗಿಡ್ಡ, ಹೊಟ್ಟೆಯೂ ಗಿಡ್ಡ. ಇದರ ಹಿಂದೆ ಸಾಮಾನ್ಯವಾಗಿ ವರೋವಾ ನುಸಿ ಇರುತ್ತದೆ. ಮುಚ್ಚಿದ ಕೋಶದೊಳಗೆ ಬೆಳೆಯುವ ಹುಳುವನ್ನು ಅದು ತಿನ್ನುತ್ತದೆ, ಜೊತೆಗೆ ರೆಕ್ಕೆ ಕೆಡಿಸುವ ವೈರಸ್ಸನ್ನೂ ದಾಟಿಸುತ್ತದೆ. ‘ನಮ್ಮ ಹುಳುಗಳ ಮೇಲೆ ನುಸಿ ಒಂದೂ ಕಾಣಲ್ಲ’ ಅನ್ನುವವರೇ ಜಾಸ್ತಿ. ಕಾಣುವುದಾದರೂ ಹೇಗೆ? ಮರಿ ಇರುವ ಕಾಲದಲ್ಲಿ ಹೆಚ್ಚಿನ ನುಸಿ ಕೋಶದೊಳಗಿರುತ್ತದೆ, ಹೊರಗಿದ್ದದ್ದು ಹುಳುವಿನ ಹೊಟ್ಟೆಯಡಿ ಸಂದಿಯಲ್ಲಿ ಸೇರಿಕೊಂಡಿರುತ್ತದೆ.

ಎಣಿಸಿಯೇ ನೋಡಬೇಕು. ಮರಿ ಇರುವ ಚೌಕಟ್ಟಿನಿಂದ ಅರ್ಧ ಕಪ್, ಅಂದರೆ ಸುಮಾರು 300 ಹುಳು, ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ. ರಾಣಿ ಅದರಲ್ಲಿಲ್ಲ ಅಂತ ಎರಡು ಸಲ ನೋಡಿಕೊಳ್ಳಿ! ಎರಡು ದೊಡ್ಡ ಚಮಚ ಸಕ್ಕರೆ ಪುಡಿ ಹಾಕಿ ಒಂದು ನಿಮಿಷ ಹೊರಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಿಳಿ ತಟ್ಟೆಯಲ್ಲಿರುವ ನೀರಿಗೆ ಜಾಡಿಸಿ. ಸಕ್ಕರೆ ಕರಗುತ್ತದೆ, ಕೆಂಪುಕಂದು ಚುಕ್ಕಿಗಳು ಉಳಿಯುತ್ತವೆ, ಅವೇ ನುಸಿ. ಯುರೋಪಿನಿಂದ ಬಂದ ಮೆಲಿಫೆರಾ ಜೇನಿನಲ್ಲಿ 9 ದಾಟಿದರೆ, ಅಂದರೆ 100ಕ್ಕೆ 3ಕ್ಕಿಂತ ಹೆಚ್ಚಾದರೆ, ನಾನು ಮುಂದಿನ ವಾರ ನೋಡೋಣ ಅನ್ನುವುದಿಲ್ಲ. ಹುಳುಗಳನ್ನು ವಾಪಸ್ ಬಿಡಿ, ಉಳಿದವು ನೆಕ್ಕಿ ಸ್ವಚ್ಛ ಮಾಡುತ್ತವೆ.

ಇನ್ನು ರೆಕ್ಕೆ ಸುಕ್ಕಾಗದೆ, ಮುಂದಿನದನ್ನೂ ಹಿಂದಿನದನ್ನೂ ಕೂಡಿಸುವ ಕೊಕ್ಕೆ ಕಳಚಿ ಎರಡೂ ಅಗಲವಾಗಿ ನಿಂತಿದ್ದರೆ ಅದು ಬೇರೆ ವಿಷಯ. ನೋಸೆಮಾ, ಅಂದರೆ ಜೇನಿನ ಕರುಳಿಗೆ ತಗುಲುವ ಸೂಕ್ಷ್ಮಾಣುವಿನ ರೋಗ, ಅಂತ ತಕ್ಷಣ ಹೇಳಿಬಿಡುವವರಿದ್ದಾರೆ, ಆದರೆ ಮೈಕ್ರೋಸ್ಕೋಪ್ ಇಲ್ಲದೆ ಅದನ್ನು ಖಚಿತ ಮಾಡಲು ಬರುವುದಿಲ್ಲ.

ಬಿಳಿ ಕಣ್ಣಿನ ಗಂಡು ಸಿಕ್ಕರೆ ಮಾತ್ರ ಅಂಗೈ ಫೋಟೋನೇ ಕಳಿಸಿ. ಗಂಡಿಗೆ ತಂದೆ ಇಲ್ಲ, ತಾಯಿಯಿಂದ ಬಂದ ಒಂದೇ ಪ್ರತಿಯ ವಂಶವಾಹಿ. ಹಾಗಾಗಿ ಅಡಗಿರುವ ದೋಷ ಗಂಡುಗಳಲ್ಲಿ ನೇರ ಬಯಲಿಗೆ ಬರುತ್ತದೆ. ಕುಟುಂಬಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ಪಾಪ, ಆ ಹುಳುವಿಗೆ ಕಣ್ಣು ಸರಿಯಾಗಿ ಕಾಣದು, ಹೊರಗೆ ಹಾರಿದರೆ ದಾರಿ ಸಿಗದು. ನಾನು ಇಷ್ಟು ವರ್ಷದಲ್ಲಿ ನೋಡಿರುವುದು ಎರಡೇ.